ಎಡಸುತ್ತಿನ ಚೌಕ

ಫಸಲಿ ೧೩೨೦, ಮಾರ್ಗಶಿರ ಶುದ್ಧ ಪಂಚಮಿ, ಮಂಗಳವಾರ

ಊರಿನ ಕಟ್ಟೆಯ ಮೇಲೆ ಕುಳಿತು ನಾನು ಬಾಯಿ ತೆರೆದರೆ ಜನ ಕೆಲಸ ಬಿಟ್ಟು ನಿಲ್ಲುತ್ತಿದ್ದರು. ಈಗ ಕೇಳುವುದಕ್ಕೆ ಎರಡು ಎತ್ತು ಇವೆ. ಅವೂ ಮುಖ ತಿರುಗಿಸಿಕೊಂಡು ಮೆಲುಕು ಹಾಕುತ್ತವೆ. ಅದಕ್ಕೇ ಬರೆಯಲು ಕುಳಿತೆ. ಕಾಸಾರಶಿರಸಿಯ ಸುತ್ತಮುತ್ತ ಕನ್ನಡ, ಮರಾಠಿ ಎರಡನ್ನೂ ತಪ್ಪಿಲ್ಲದೆ ಬರೆದು, ಉರ್ದುವಿನಲ್ಲಿ ಸಹಿ ಹಾಕುವವನು ಈ ಮಾಣಿಕಪ್ಪ ಒಬ್ಬನೇ. ಹುಟ್ಟಿನಿಂದ ನಾನು ಎಡಚ. ಮಠದ ಶಾಲೆಯ ಅಯ್ಯನವರು ಎಡಗೈಗೆ ಬೆತ್ತದಿಂದ ಬಾರಿಸಿ ಬಾರಿಸಿ ಲೇಖಣಿಯನ್ನು ಬಲಗೈಗೆ ಕೊಡಿಸಿದರು. ಬರೆಯುವುದೊಂದು ಬಲಗೈ. ಕುಡುಗೋಲು, ಬಾರುಕೋಲು, ಕವಣೆ, ಉಳಿದದ್ದೆಲ್ಲ ಎಡಗೈ.

ಊರೊಳಗೆ ಇಲಿಗಳು ಸತ್ತು ಬೀಳತೊಡಗಿದ ಮೇಲೆ ಪ್ಲೇಗು ಬಂತೆಂದು ಎಲ್ಲರೂ ಮನೆಗೆ ಕೀಲಿ ಹಾಕಿ ಹೊಲಕ್ಕೆ ಬಂದಿದ್ದೇವೆ. ಜೋಳದ ಕಣಿಕೆಯ ಗುಡಿಸಲುಗಳು. ಒಂದು ಗುಡಿಸಲಿನವರು ಇನ್ನೊಂದಕ್ಕೆ ಕಾಲಿಡುವುದಿಲ್ಲ. ನನ್ನ ಗುಡಿಸಲಿನಲ್ಲಿ ನಾನು ಮತ್ತು ನನ್ನ ಸೋದರಸೊಸೆ ಶಿವಕಾಂತಾ. ಚೊಚ್ಚಿಲು ಬಾಣಂತನಕ್ಕೆಂದು ಉದಗೀರದಿಂದ ತವರಿಗೆ ಬಂದವಳು. ತವರೇ ಹೊಲಕ್ಕೆ ಬಂತು. ಊರು ಬಿಡುವ ದಿನವೇ ಅವಳ ತಂದೆ ಕಲ್ಯಾಣಪ್ಪನವರಿಗೆ ಜ್ವರ ಬಂತು. ಅಕ್ಕ ಮೀರಾಬಾಯಿ ಮಗಳನ್ನು ನನ್ನ ಬಂಡಿ ಹತ್ತಿಸಿ, "ಇವರ ಜ್ವರ ಇಳದ ಮ್ಯಾಲ ಬರ್ತೀನಿ. ಅಲ್ಲೀತನಾ ಈಕಿ ನಿನ್ನಾಕಿ," ಎಂದಳು. ಈಗ ಗಂಡ ಹೆಂಡಿರಿಬ್ಬರೂ ಹಳ್ಳದಾಚೆ ಇದ್ದಾರೆ.

ಇಂದು ಶಿವಕಾಂತಾ ಹಳೆಯ ಸೀರೆಗಳ ಗಂಟು ಬಿಚ್ಚಿ ಕುಳಿತಿದ್ದಳು. "ಬಾಣಂತಿ ಕೌದಿ ಈ ಸಲ ಆಗಲ್ಲ, ಮಾಮಾ," ಎಂದಳು. ಕೌದಿ ಎಂದರೆ ನೆಲದ ಮೇಲೆ ಹರವಿ, ನಾಲ್ಕೂ ಬದಿಗೆ ಹೆಂಗಸರು ಕುಳಿತು, ಊರ ಸುದ್ದಿಯೆಲ್ಲ ಅರೆಯುತ್ತ ಅಂಚಿನಿಂದ ನಡುವಿಗೆ ಹೊಲಿಯಬೇಕು. ಇಲ್ಲಿ ಹರವಲು ಜಾಗವಿಲ್ಲ, ಕೂಡಿ ಕೂಡಲು ಹೆಂಗಸರಿಲ್ಲ.

ಸ್ವಲ್ಪ ಹೊತ್ತಿಗೆ ಅವಳೇ ಅಂದಳು. "ತುಂಡು ತುಂಡು ಹೊಲದ್ರ ಹ್ಯಾಂಗ? ಒಬ್ಬಾಕಿಗಿ ಒಂದು ಚೌಕ. ಮ್ಯಾಲಿನ ಬಟ್ಟಿ, ನಡುವಿಂದು, ಕೆಳಗಿಂದು ಮೂರೂ ಕೂಡಿಸಿ ತೊಡಿ ಮ್ಯಾಲೇ ಹೊಲದು ಮುಗಿಸಿಬಿಡೋದು. ಅಂಚಿಗಿ ಬೆರಳಷ್ಟು ಬಿಡೋದು. ಆಮ್ಯಾಲ ಚೌಕಕ್ಕ ಚೌಕ ಹಚ್ಚೋದು."

ಇದನ್ನು ನಾನೇ ಹೇಳುವವನಿದ್ದೆ. ಬಾಯಲ್ಲಿ ಎಲೆ ಇತ್ತು, ಅಷ್ಟರಲ್ಲಿ ಅವಳು ಹೇಳಿದಳು. ಆದ್ದರಿಂದ ಈ ಯುಕ್ತಿ ನನ್ನದೆಂದೇ ಬರೆದಿಡುತ್ತೇನೆ.

ಶುದ್ಧ ಅಷ್ಟಮಿ, ಶುಕ್ರವಾರ

ಮೂರರ ಮೇಲೆ ಮೂರು ಚೌಕದ ಕೌದಿ. ನಡುವಿನ ಚೌಕ ಶಿವಕಾಂತಾಳದೇ. ಸುತ್ತಲಿನವು ಅವಳ ತಾಯಿಯದು, ಗೆಳತಿ ಲಲಿತಾಬಾಯಿಯದು, ನಮ್ಮ ದಾಯಾದಿ ಮನೆಯ ರಂಭಾಬಾಯಿ ವೈನಿಯದು, ಹೀಗೆ ಹಂಚಿದೆವು. ಹಳ್ಳದ ದಂಡೆಯ ಬನ್ನಿಗಿಡದ ಕೆಳಗಿನ ಚಪ್ಪಟೆ ಬಂಡೆಯೇ ನಮ್ಮ ಪೇಟೆ. ನಾನು ಬಟ್ಟೆ ಇಟ್ಟು ದೂರ ಸರಿಯುತ್ತೇನೆ, ಅವರು ಬಂದು ಒಯ್ಯುತ್ತಾರೆ. ಹೊಲಿದದ್ದನ್ನು ಅಲ್ಲೇ ಬಿಸಿಲಿಗೆ ಹಾಕಿ ಹೋಗುತ್ತಾರೆ.

ರಂಭಾಬಾಯಿ ದಿನ್ನೆಯ ಮೇಲಿಂದಲೇ ಕೂಗಿದಳು. "ಏ ಮಾಣಿಕಪ್ಪಾ, ಇಷ್ಟುದ್ದ ಮೀಸಿ ಇಟಗೊಂಡು ಹೆಂಗಸರ ಕೆಲಸಕ್ಕ ಹೊಂಟೀದ್ಯಾ?"

"ಮೀಸಿ ಮನ್ಯಾಗಿಟ್ಟು ಕೀಲಿ ಹಾಕಿ ಬಂದೀನಿ ವೈನಿ. ಬ್ಯಾನಿ ಹೋದ ಮ್ಯಾಲ ತಗೋತೀನಿ."

"ಎಲ್ಲರಿಗೂ ಹೇಳು, ಬಲಕ್ಕ ಸುತ್ತಿ ಹೊಲೀಬೇಕು. ಅಂಚಿಲಿಂದ ನಡುವಿಗಿ, ಬಲಕ್ಕ."

"ಎಡಕ್ಕ ಸುತ್ತಿದ್ರ ಥಂಡಿ ಹತ್ತತದೇನು?"

"ಗಂಡಸರಿಗ್ಯಾಕ ಅದು? ಹೇಳಿದಷ್ಟು ಹೇಳು."

ಹೆಂಗಸರ ಶಾಸ್ತ್ರಕ್ಕೆ ತಲೆ ಇಲ್ಲ, ಬುಡ ಇಲ್ಲ. ಆದರೂ ಹೇಳಿದೆ.

ಅಕ್ಕ ಆಚೆ ದಂಡೆಯಲ್ಲಿ ಸೆರಗು ಬಾಯಿಗೆ ಹಿಡಿದು ನಿಂತಿದ್ದಳು.

"ಭಾವ ಹ್ಯಾಂಗ ಅದಾರ?"

"ಅದಾರ." ನನ್ನ ಗುಡಿಸಲಿನ ಕಡೆ ನೋಡಿ, "ಆಕಿ ಉಣ್ತಾಳೇನು?"

"ನಂದೂ ಉಣ್ತಾಳ. ನಾ ಬಡಕಲಾಗಿದ್ದು ಕಾಣಲ್ಲೇನು?"

ಅಕ್ಕ ನಕ್ಕಳು. ಅವಳನ್ನು ನಗಿಸುವುದು ಕಲ್ಲು ಸೀಳಿದಷ್ಟು ಕಷ್ಟ. ಈ ಸೀಮೆಯಲ್ಲಿ ಅದು ನನಗೊಬ್ಬನಿಗೇ ಬರುತ್ತದೆ.

ಶುದ್ಧ ತ್ರಯೋದಶಿ, ಬುಧವಾರ

ಚೌಕಗಳು ಬರತೊಡಗಿವೆ. ರಂಭಾಬಾಯಿಯ ಹೊಲಿಗೆ ಅವಳ ಮಾತಿನ ಹಾಗೆಯೇ ಉದ್ದ ಉದ್ದ. ಲಲಿತಾಬಾಯಿಯದು ಎಳ್ಳು ಸುರಿದಂತೆ. ಶಿವಕಾಂತಾ ಮುಟ್ಟಿಯೇ ಇದು ಯಾರದು ಎಂದು ಹೇಳುತ್ತಾಳೆ. ಕಣ್ಣು ಮುಚ್ಚಿಸಿ ಪರೀಕ್ಷೆ ಮಾಡಿದೆ, ಒಂದೂ ತಪ್ಪಲಿಲ್ಲ.

ಚೌಕ ಕೂಡಿಸುವುದನ್ನು ನಾನೂ ಕಲಿತೆ. ಮೇಲಿನ ಅಂಚಿಗೆ ಮೇಲಿನ ಅಂಚು ಹಚ್ಚಿ ಹೊಲಿದು, ತಿರುವಿ ಹಾಕಿ, ಹಿಂದಿನ ಬಟ್ಟೆಯನ್ನು ಮಡಚಿ ಮುಚ್ಚಬೇಕು. ಒಮ್ಮೆ ತೋರಿಸಿದ್ದಕ್ಕೇ ಬಂತು.

"ಮಾಮಾ, ಸೂಜಿ ಎಡಗೈಲೆ ಹಿಡದೀದಿ," ಎಂದು ಶಿವಕಾಂತಾ ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡಳು. "ಎಲ್ಲರ ಹೊಲಿಗಿ ಹೋಗೋ ಕಡಿಂದ ನಿಂದು ಬರ್ತದ."

"ಎದುರಾ ಎದುರು ಬಂದ್ರೇ ಗಂಟು ಗಟ್ಟಿ," ಎಂದೆ.

ಸೂಲಗಿತ್ತಿ ಮಾಳವ್ವ ಬಂದಿದ್ದಳು. ಬೀರಪ್ಪನ ಒಕ್ಕಲು. ಪಕ್ಕದ ಹೊಲದಲ್ಲಿ ಅವಳ ತಮ್ಮ ಮಲ್ಲಣ್ಣನ ಕುರಿಮಂದೆ ಬೀಡುಬಿಟ್ಟಿದೆ. ಹೊಟ್ಟೆ ಒತ್ತಿ ನೋಡಿ, ಹೊರಗೆ ಬಂದು ನನಗೆ ಹೇಳಿದಳು. "ಕೂಸು ಸರಿ ಅದರಿ. ಆದ್ರ ಕೆಟ್ಟ ಸುದ್ದಿ ಒಂದೂ ಈಕಿ ಕಿವಿಗಿ ಹಾಕಬ್ಯಾಡ್ರಿ. ತಾಯಿ ಎದಿ ಒಡದ್ರ ಕೂಸು ಅಡ್ಡ ತಿರಗತದ."

"ನನಗೇ ಹೇಳ್ತಿಯೇನು? ಸುಳ್ಳಿನ್ಯಾಗ ನನ್ನ ಮೀರಿಸವ ಹುಟ್ಟಿಲ್ಲ."

"ಅದಕ್ಕೇ ನಿಮಗ ಹೇಳೀನ್ರಿ," ಎಂದಳು ಮಾಳವ್ವ.

ಹುಣ್ಣಿಮೆ, ಶುಕ್ರವಾರ

ಭಾವ ಹೋದರು. ನಾನೂ ಮಲ್ಲಣ್ಣನೂ ಕುಣಿ ತೆಗೆದೆವು. ಅಯ್ಯನವರು ದೂರ ನಿಂತು ವಿಭೂತಿ ಎರಚಿದರು. ಅಕ್ಕ ಅಳಲಿಲ್ಲ. "ಆಕಿಗಿ ಹೇಳಬ್ಯಾಡ. ನನ್ನ ಚೌಕ ಹೊಲ್ಯಾಕತ್ತೀನಿ ಅಂತ ಹೇಳು," ಎಂದಳು.

ಹಳ್ಳದಲ್ಲಿ ಬೇವಿನೆಲೆ ಹಾಕಿಕೊಂಡು ಮಿಂದು ಬಂದೆ. ಎಲ್ಲಿ ಹೋಗಿದ್ದೆ ಎಂದು ಶಿವಕಾಂತಾ ಕೇಳಿದಳು. ಪ್ಲೇಗಿಗೆಂದು ನಿಲಂಗಾ ದಾರಿ ತಡೆದ ನಾಕೆಗೆ ಹೋಗಿ, ನಿನ್ನ ಗಂಡ ವೀರಭದ್ರನಿಗೆ ದಾರಿ ಬಿಡ್ರಿ ಎಂದು ಕಾವಲಿನವನ ಪಟ್ಟಿ ಹಿಡಿದು ಎಳೆದೆ, ಅವನ ತಲೆಯ ಪಟಕ ಕೆಸರಿಗೆ ಬಿತ್ತು ಎಂದೆ. ಅವಳು ನಕ್ಕಳು. ಅವನ ಪಟಕದ ಬಣ್ಣ ಯಾವುದು ಎಂದೂ ಕೇಳಿದಳು. ಕೆಂಪು ಎಂದೆ.

ಬಹುಳ ಚೌತಿ, ಮಂಗಳವಾರ

ಲಲಿತಾಬಾಯಿಗೆಂದು ಇಟ್ಟ ಎರಡನೆಯ ಬಟ್ಟೆ ಬಂಡೆಯ ಮೇಲೆಯೇ ಇತ್ತು. ನಿನ್ನೆಯೂ ಇತ್ತು, ಮೊನ್ನೆಯೂ ಇತ್ತು. ಇಂದು ಅವರ ಹೊಲದ ಕಡೆಯಿಂದ ಹೊಗೆ ಎದ್ದಿತು. ಗುಡಿಸಲು ಸುಡುತ್ತಿದ್ದರು. ಯಾರು ಯಾರು ಎಂದು ಕೇಳಲು ಹತ್ತಿರ ಹೋಗಲಿಲ್ಲ. ರಂಭಾಬಾಯಿ ದಿನ್ನೆಯ ಮೇಲೆ ಕುಳಿತಿದ್ದಳು. ನನ್ನನ್ನು ನೋಡಿ ಕೈ ಮಾತ್ರ ಆಡಿಸಿದಳು. ಅವಳು ಬಾಯಿ ಮುಚ್ಚಿಕೊಂಡು ಕುಳಿತದ್ದನ್ನು ನಾನು ಇದೇ ಮೊದಲು ಕಂಡದ್ದು.

ಶಿವಕಾಂತಾ ದಿನವೂ ಕೇಳುತ್ತಾಳೆ, ಲಲಿತಾಳ ಚೌಕ ಬಂತೇ ಎಂದು. ಬಟ್ಟೆ ತೆಗೆದುಕೊಂಡು ಬನ್ನಿಗಿಡಕ್ಕೆ ಒರಗಿ ಕುಳಿತೆ. ಎಳ್ಳು ಸುರಿದಂತೆ ಹೊಲಿಯಬೇಕು. ಸಂಜೆಯವರೆಗೆ ಒಂದು ಅಂಗೈಯಷ್ಟು ಆಯಿತು. ನಾಳೆಯೂ ಕೂಡಬೇಕು.

ಬಹುಳ ಸಪ್ತಮಿ, ಶುಕ್ರವಾರ

ಕೊಟ್ಟೆ. "ಲಲಿತಾ ಕಳಿಸ್ಯಾಳ" ಎಂದೆ. ಶಿವಕಾಂತಾ ಬೆರಳಿಟ್ಟು ಅಂಚಿನಿಂದ ನಡುವಿನವರೆಗೆ ಸುತ್ತಿದಳು. ಬಹಳ ಹೊತ್ತು ಸುತ್ತಿದಳು.

"ಛಲೋ ಹೊಲದಾಳ," ಎಂದಳು.

ನನ್ನ ಕೆಲಸ ಅಷ್ಟು ಅಚ್ಚುಕಟ್ಟು. ಲಲಿತಾಬಾಯಿಯೇ ಬಂದು ನೋಡಿದ್ದರೂ ತನ್ನದೆನ್ನುತ್ತಿದ್ದಳು. ಇದನ್ನು ಯಾರಿಗೂ ಹೇಳುವಂತಿಲ್ಲ ಎಂಬುದೊಂದೇ ಸಂಕಟ.

ಬಹುಳ ನವಮಿ, ಭಾನುವಾರ

ಅಕ್ಕ ಇಂದು ದಂಡೆಗೆ ಬರಲಿಲ್ಲ. ಕೂಗಿದೆ. ಕಾಗೆ ಎದ್ದವು.

ಹಳ್ಳ ದಾಟಿದೆ.

ಬಹುಳ ಏಕಾದಶಿ, ಮಂಗಳವಾರ

ಭಾವನ ಮಗ್ಗುಲಿಗೇ ಅಕ್ಕನನ್ನೂ ಇಟ್ಟೆವು.

ಚೌಕ ಅವಳ ತಲೆದೆಸೆಯಲ್ಲಿತ್ತು. ತನ್ನ ಹಸಿರು ಇಳಕಲ್ಲ ಸೀರೆ ಹರಿದು ಹೊಲಿಯುತ್ತಿದ್ದಳು. ಎರಡು ಸುತ್ತು ಪೂರಾ ಆಗಿದೆ. ಮೂರನೆಯದು ಶುರು ಮಾಡಿ ಸೂಜಿ ಚುಚ್ಚಿ ಇಟ್ಟಿದ್ದಾಳೆ. ಸೂಜಿಯಲ್ಲಿ ದಾರ ಇನ್ನೂ ಇದೆ.

ಬಟ್ಟೆಯನ್ನು ಬಂಡೆಯ ಮೇಲೆ ಬಿಸಿಲಿಗೆ ಹಾಕಿ ಕುಳಿತೆ. ಆಮೇಲೆ ಅದೇ ಸೂಜಿ, ಅದೇ ದಾರ. ಅವಳು ನಿಲ್ಲಿಸಿದ ಜಾಗದಲ್ಲಿ ಕೈ ಕೂಡಲಿಲ್ಲ. ಬಟ್ಟೆ ತಿರುಗಿಸಿಕೊಂಡು ನನ್ನ ಕೈಗೆ ಹೊಂದುವ ಕಡೆಯಿಂದ ಹಿಡಿದೆ. ಸುತ್ತಿಗೆ ಸುತ್ತು ಸಣ್ಣದಾಗುತ್ತ ನಡುವಿಗೆ ಬಂತು.

ಶಿವಕಾಂತಾ ಅದನ್ನು ತೆಗೆದುಕೊಂಡು ಮೂಸಿದಳು. ಬೆರಳು ಇಟ್ಟಳು. ಸ್ವಲ್ಪ ದೂರ ಹೋಗಿ ಬೆರಳು ನಿಂತಿತು.

"ಅವ್ವ ಹ್ಯಾಂಗ ಅದಾಳ?"

"ದಣದಾಳ. ಭಾವನ ಜ್ವರ ಇಳದದ. ಇನ್ನೇನು ಬರ್ತಾಳ."

"ಹೌದಾ," ಎಂದಳು. ಏನು ಅಡುಗೆ ಮಾಡಲಿ ಎಂದು ಕೇಳಿದಳು.

ಒಂದು ಸುಳ್ಳು ಹೇಳಿ ಮೇಲೆ ಕಥೆ ಕಟ್ಟದೆ ಬಿಟ್ಟದ್ದು ಇವತ್ತೇ ಮೊದಲಿರಬೇಕು.

ಎಳ್ಳಾಮಾಸಿ, ಶನಿವಾರ

ಪ್ರತಿ ವರ್ಷ ಎಳ್ಳಮಾವಾಸ್ಯೆಯ ಈ ದಿನ ಊರೆಲ್ಲ ಹೊಲಕ್ಕೆ ಬರುತ್ತದೆ. ಕಣಿಕೆಯ ಗುಡಿಸಲು ಕಟ್ಟಿ, ಐದು ಕಲ್ಲು ಇಟ್ಟು ಪಾಂಡವರೆಂದು ಪೂಜಿಸಿ, ಕಾಳು ಸೊಪ್ಪಿನ ಭಜ್ಜಿ, ಸಜ್ಜೆ ರೊಟ್ಟಿ, ಅಂಬಲಿ ಉಂಡು ಸಂಜೆಗೆ ಮನೆಗೆ ಹೋಗುತ್ತೇವೆ. ಈ ವರ್ಷ ಮೊದಲೇ ಹೊಲದಲ್ಲಿದ್ದೇವೆ. ಸಂಜೆಗೆ ಹೋಗಲು ಮನೆ ಇಲ್ಲ.

ಶಿವಕಾಂತಾ ಬಿಡಲಿಲ್ಲ. ಐದು ಕಲ್ಲು ತರಿಸಿ ಸುಣ್ಣ ಹಚ್ಚಿಸಿದಳು. ಅಂಬಲಿ ಕಾಯಿಸಿದಳು. ನಾನು ಪೈರಿನ ಸುತ್ತ ಅಂಬಲಿ ಚಿಮುಕಿಸಿ ಬಂದೆ. ಉಂಡ ಮೇಲೆ ಕೌದಿಯನ್ನು ಬಿಸಿಲಿನಲ್ಲಿ ಹರವಿದಳು. ಎಂಟು ಚೌಕ ಕೂಡಿವೆ, ನಡುವಿನ ಜಾಗ ಖಾಲಿ. ಅದರ ಬಟ್ಟೆ ಅವಳ ತೊಡೆಯ ಮೇಲಿತ್ತು. ಹೊಲಿಯುತ್ತ ಹೊಲಿಯುತ್ತ, ತಲೆ ಎತ್ತದೆಯೇ ಕೇಳಿದಳು.

"ಮಾಮಾ, ಅವ್ವನ್ನ ಅಪ್ಪನ ಬಾಜೂಕೇ ಇಟ್ಟೀರೇನು?"

ನನ್ನ ಕೈಯಲ್ಲಿ ಅಂಬಲಿಯ ಗಡಿಗೆ ಇತ್ತು. ಕೆಳಗಿಟ್ಟೆ.

ಅವಳು ಹಸಿರು ಚೌಕದ ಮೇಲೆ ಬೆರಳಿಟ್ಟಳು. "ಇಲ್ಲೀತನಾ ಅವ್ವ. ಬಲಕ್ಕ ಬಂದಾಳ. ಇಲ್ಲಿಂದ ಎಡಕ್ಕ. ಇಲ್ಲಿಂದ ನೀನು." ಆಮೇಲೆ ಇನ್ನೊಂದು ಚೌಕಕ್ಕೆ ಹೋಯಿತು ಬೆರಳು. "ಲಲಿತಾಂದು ಎರಡನೇದು ಪೂರಾ ನೀನೇ. ಮೊದಲನೇ ಮೂಲ್ಯಾಗೇ ಗೊತ್ತಾಯ್ತು."

"ಮತ್ತ ಅಪ್ಪಂದು ನಿನಗ ಯಾರು ಹೇಳಿದ್ರು?" ಎಂದೆ.

"ಅವ್ವನ ಹೊಲಿಗಿ ಎಷ್ಟು ಸಣ್ಣ ಅದ ನೋಡು. ಮನ್ಯಾಗ ಜ್ವರದ ಮನಷಾ ಇದ್ರ ಆಕಿಗಿ ಇಷ್ಟು ಸಣ್ಣ ಹೊಲಿಲಾಕ ಪುರಸತ್ತ ಎಲ್ಲಿರ್ತಿತ್ತು?"

ಅವಳೇ ಹೇಳಿದಳು. ನಮ್ಮ ಹೆಂಗಸರು ಎಡಕ್ಕೆ ಸುತ್ತಿ ಹೊಲಿಯುವುದು ಒಂದನ್ನು ಮಾತ್ರವಂತೆ. ಸತ್ತವರನ್ನು ಕುಣಿಯಲ್ಲಿ ಕೂಡಿಸುವಾಗ ಕೆಳಗೆ ಹಾಕುವ ಮೆತ್ತೆ. ಅದಕ್ಕೇ ರಂಭಾಬಾಯಿ ಬಲಕ್ಕೆ, ಬಲಕ್ಕೆ ಎಂದು ಕೂಗಿದ್ದು. ನನ್ನ ಹೆಂಡತಿ ಸತ್ತಾಗ ಆ ಮೆತ್ತೆಯನ್ನು ನಾನೇ ಎತ್ತಿ ಹಾಸಿದ್ದೆ. ಹೊಲಿಗೆ ಯಾವ ಕಡೆ ಸುತ್ತಿದೆ ಎಂದು ನೋಡಿರಲಿಲ್ಲ.

"ಹೊಲಿಗಿ ಉಚ್ಚಿ ಹಾಕ್ತೀನಿ," ಎಂದೆ. "ಎರಡೂ ಉಚ್ಚಿ ರಂಭಾ ವೈನಿಗಿ ಕೊಡ್ತೀನಿ. ಬಾಣಂತಿ ಮೈಮ್ಯಾಲ ಇಂಥಾದು ಬ್ಯಾಡ."

"ಇರ್ಲಿ ಬಿಡು. ಅವರಿಗಿ ಮೆತ್ತಿ ಯಾರು ಹೊಲದಾರ? ಬರೇ ಮಣ್ಣಿನ ಮ್ಯಾಲ ಕುಂಡ್ರಿಸಿ ಬಂದೀರಿ. ಇವೇ ಅವರ ಮೆತ್ತಿ ಅಂತ ತಿಳಕೋತೀನಿ."

"ಅಷ್ಟು ದಿನ ಯಾಕ ಸುಮ್ಮನಿದ್ದಿ?"

"ನೀ ಅಷ್ಟು ಕಷ್ಟಪಟ್ಟು ಹೊಲದಿದ್ದಿ." ದಾರ ಹಲ್ಲಿನಿಂದ ಕಡಿದಳು. "ಪಟಕ ಕೆಂಪು ಅಂದ್ಯಲ್ಲ, ಅವತ್ತು ನಿನ್ನ ಉಗುರಿನ್ಯಾಗ ಮಣ್ಣಿತ್ತು."

ಅಳಲಿಲ್ಲ. ಅವಳ ಕೈ ಬಲಕ್ಕೆ ಹೋಗುತ್ತಲೇ ಇತ್ತು. ನಾನು ಎತ್ತಿಗೆ ನೀರು ಕುಡಿಸಲು ಹೋದೆ. ಎತ್ತಿಗೆ ನೀರಡಿಕೆ ಇರಲಿಲ್ಲ.

ಪುಷ್ಯ ಶುದ್ಧ ತದಿಗೆ, ಮಂಗಳವಾರ

ಮಧ್ಯಾಹ್ನ ಹೆಣ್ಣು ಕೂಸು. ಮಾಳವ್ವ ಹೊರಗೆ ಬಂದು, "ಸಣ್ಣದದರಿ. ಖರೆ ಅಳ್ತದ. ಅಳೂತನಾ ಅಂಜಬ್ಯಾಡ್ರಿ," ಎಂದಳು. ನಡುವೆ ಕಿಂಡಿ ಇರುವ ಕೌದಿಯ ಕೆಳಗೆ ನನ್ನ ಧೋತರ ಮಡಚಿ ಹಾಕಿ ಕೂಸನ್ನು ಮಲಗಿಸಿದರು. ರಂಭಾಬಾಯಿ ದಿನ್ನೆಯ ಮೇಲಿಂದ ಯಾರ ಹಾಗೆ ಅದ ಎಂದು ಕೂಗಿದಳು. ಮೀಸಿ ಒಂದು ಕಡಿಮಿ, ಉಳದದ್ದೆಲ್ಲ ನನ್ನ ಹಂಗೇ ಅದ ಎಂದೆ.

ಉದಗೀರಕ್ಕೆ ಹೇಳಿ ಕಳಿಸಲು ನಾಕೆಯಲ್ಲಿ ಯಾರೂ ಸಿಗಲಿಲ್ಲ.

ಶುದ್ಧ ಅಷ್ಟಮಿ, ಭಾನುವಾರ

ಶಿವಕಾಂತಾಳಿಗೆ ಜ್ವರ. ಮಾಳವ್ವ ಬಗಲು, ತೊಡೆಸಂದು ಎಲ್ಲ ನೋಡಿದಳು. ಗಂಟು ಇಲ್ಲ. "ಇದು ಆ ಬ್ಯಾನಿ ಅಲ್ಲರಿ. ಬಾಣಂತಿ ಜ್ವರ," ಎಂದಳು. ನನಗೆ ಕುಣಿಯುವಷ್ಟು ಸಂತೋಷವಾಯಿತು. ಬಂಡೆ, ಬಿಸಿಲು, ಬೇವಿನೆಲೆ, ಇಷ್ಟೆಲ್ಲ ಮಾಡಿ ಪ್ಲೇಗನ್ನು ಹೊಸಿಲಿನಾಚೆಯೇ ನಿಲ್ಲಿಸಿದ್ದೆ.

ಮಾಳವ್ವ ನನ್ನ ಮುಖ ನೋಡಿ ತಲೆ ತಗ್ಗಿಸಿದಳು. "ಅದಕ್ಕೂ ದವಾ ಇಲ್ಲರಿ, ಇದಕ್ಕೂ ಇಲ್ಲ," ಎಂದಳು.

ಶುದ್ಧ ದಶಮಿ, ಮಂಗಳವಾರ

ಮಾತಾಡಿದಳು. ಜ್ವರದಲ್ಲಿ ಆಡಿದ್ದಲ್ಲ, ಎಚ್ಚರದಲ್ಲಿ ಆಡಿದ್ದು.

"ಮಾಮಾ, ನಡುವಿನ ಚೌಕ ಮುಗೀಲಿಲ್ಲ."

"ಆರಾಮಾದ ಮ್ಯಾಲ ಮುಗಸು. ಕೌದಿಗೇನು ಅವಸರ."

"ಸುಳ್ಳು ಸಾಕು." ಉಸಿರು ತೆಗೆದುಕೊಂಡಳು. "ನನ್ನ ಹೆಸರಿಲೆ ಹೊಲೀಬ್ಯಾಡ. ಕೂಸಿನ ಹೆಸರಿಲೆ ಹೊಲಿ. ಬಲಕ್ಕ."

"ನನ್ನ ಕೈಗೆ ಬರಲ್ಲ, ಶಿವಕಾಂತಾ."

ನಿನಗೂ ಬಾರದ ಕೆಲಸ ಇದೆಯೇ ಎಂದು ನಗುತ್ತಾಳೆಂದುಕೊಂಡೆ. ಕಣ್ಣು ಮುಚ್ಚಿದಳು.

ಪುಷ್ಯ, ತಿಥಿ ನೋಡಿಲ್ಲ

ಅಕ್ಕನ ಈ ಕಡೆಗೆ ಜಾಗ ಇತ್ತು.

ಮಲ್ಲಣ್ಣ ಅಗೆದ. ಕೂಸನ್ನು ಎತ್ತಿಕೊಂಡು ದಂಡೆಯಲ್ಲಿ ನಿಂತಿದ್ದೆ.

ಪುಷ್ಯ, ಸಂಕ್ರಮಣ ಕಳೆದಿದೆ

ಮಾಳವ್ವ ಕುರಿಯ ಹಾಲಿಗೆ ನೀರು ಬೆರೆಸಿ, ಅರಳೆಯ ಬತ್ತಿ ಅದ್ದಿ ಕೂಸಿನ ಬಾಯಿಗೆ ಹಿಂಡುತ್ತಾಳೆ. ಅರ್ಧ ಹೊರಗೆ ಬರುತ್ತದೆ. ಉಳಿಯುತ್ತದೆಯೇ ಎಂದು ನಾನು ಕೇಳುವುದಿಲ್ಲ, ಅವಳು ಹೇಳುವುದಿಲ್ಲ. ದಾರಿ ಬಿಟ್ಟರೆ ವೀರಭದ್ರ ಬರುತ್ತಾನೆ. ಬಂದರೆ ಏನು ಹೇಳಲಿ ಎಂದು ಕಟ್ಟಿ ನೋಡಿದೆ. ಒಂದೂ ಕೂಡಲಿಲ್ಲ.

ರಂಭಾಬಾಯಿ ಇಂದು ದಿನ್ನೆ ಇಳಿದು ಬಂಡೆಯ ತನಕ ಬಂದಳು. ಕೌದಿ ಬಿಸಿಲಿಗೆ ಹಾಕಿತ್ತು. ಕೂಡಿಸಿದ ಅಂಚುಗಳನ್ನು ಮುಟ್ಟಿ ನೋಡಿ, "ಇಷ್ಟು ಸಾಫ ಯಾರು ಕೂಡಿಸ್ಯಾರೋ?" ಎಂದಳು.

"ಶಿವಕಾಂತಾ," ಎಂದೆ.

ಎಡಸುತ್ತಿನ ಎರಡು ಚೌಕಗಳನ್ನೂ ಅವಳು ನೋಡಿದಳು. ಸೆರಗು ಹಣೆಗೆ ಎಳೆದುಕೊಂಡಳು.

ನಡುವಿನ ಚೌಕದಲ್ಲಿ ಶಿವಕಾಂತಾ ಒಂದು ಸುತ್ತು ಮುಗಿಸಿ, ಎರಡನೆಯದರಲ್ಲಿ ಮೂರು ಬದಿ ಬಂದಿದ್ದಾಳೆ. ಸೂಜಿಯನ್ನು ಬಲಗೈಗೆ ತೆಗೆದುಕೊಂಡೆ. ಎಡಗೈ ತಾನೇ ಮುಂದೆ ಬರುತ್ತದೆ, ಅದನ್ನು ತೊಡೆಯ ಕೆಳಗೆ ಹಾಕಿಕೊಂಡು ಕುಳಿತೆ. ಅಯ್ಯನವರ ಮುಂದೆಯೂ ಹೀಗೇ ಕೂಡುತ್ತಿದ್ದೆ. ಹೊಲಿಗೆ ಒಂದು ಇಲ್ಲಿ, ಒಂದು ಅಲ್ಲಿ. ಉಚ್ಚಿದೆ. ಮತ್ತೆ ಹಾಕಿದೆ. ಮತ್ತೆ ಉಚ್ಚಿದೆ. ನಾಲ್ಕನೆಯ ಬದಿಗೆ ಬಿಸಿಲು ಇಳಿಯಿತು.

ಕೊನೆಗೆ ಮೂಲೆ ತಿರುಗಿತು. ಬಲಕ್ಕೇ ತಿರುಗಿತು. ಬಹಳ ಕೆಟ್ಟ ಹೊಲಿಗೆ. ಯಾರು ಮುಟ್ಟಿದರೂ ಯಾರದೆಂದು ಹೇಳುತ್ತಾರೆ.

ಬೆರಳು ಊದಿದೆ, ಲೇಖಣಿ ನಿಲ್ಲುತ್ತಿಲ್ಲ. ಇರುವುದು ಒಂದೇ ಬಲಗೈ. ನಾಳೆಯಿಂದ ಅದು ಸೂಜಿಗೇ ಬೇಕು.

ಒಳಗೆ ಕೂಸು ಅಳುತ್ತಿದೆ. ಅಳಲಿ.